ಹಡಗಿನಲ್ಲಿ ವಿದ್ಯಾರ್ಥಿ ಜೀವನ: ಅಂದು ಮತ್ತು ಇಂದು

ಕಲಘಟಗಿ ಸೀಮೆಯ ಜನರಿಗೆ ಸಮುದ್ರವೆಂಬುದು ಪುರಾಣದಲ್ಲಿ ಕೇಳಿದ, ಪಠ್ಯಪುಸ್ತಕದಲ್ಲಿ ಓದಿದ ಒಂದು ದೂರದ ವಸ್ತು. ಆದರೆ ನೀರಿನ ಲೆಕ್ಕ ಬೇರೆ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆ ನಮ್ಮ ತಾಲೂಕಿನ ಹಳ್ಳಗಳೊಡನೆ ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರನ್ನು ಪಡೆದು, ಅಂಕೋಲೆ ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮುಂಗಾರಿನಲ್ಲಿ ನಮ್ಮ ಭತ್ತದ ಗದ್ದೆಗಳ ಮೇಲೆ ಸುರಿಯುವ ಮಳೆಯೂ ಆ ಕಡಲಿನಿಂದಲೇ ಎದ್ದು ಬಂದದ್ದು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ದೊರೆಯದಾದಾಗ ಧಾರವಾಡ ಜಿಲ್ಲೆಯ ಹತ್ತಿಯು ಚಕ್ಕಡಿಗಳಲ್ಲಿ ಘಟ್ಟವಿಳಿದು ಕುಮಟೆ, ಕಾರವಾರಗಳ ಬಂದರಿಗೆ ಹೋಯಿತು. ಲಿವರ್‌ಪೂಲಿನ ಪೇಟೆಯಲ್ಲಿ ನಮ್ಮ ಸೀಮೆಯ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತ್ತು. ನಮ್ಮ ಎತ್ತುಗಳು ಸಮುದ್ರವನ್ನು ಕಂಡ ಎಷ್ಟೋ ವರ್ಷಗಳ ಮೇಲೆ ನಮ್ಮ ಮಕ್ಕಳು ಕಂಡರು ಎಂದರೆ ತಪ್ಪಾಗಲಾರದು.

ಈಗ ಈ ಮಾತನ್ನು ಎತ್ತಲು ಕಾರಣವುಂಟು. ತಾಲೂಕಿನ ರೈತ ಬಂಧುಗಳೊಬ್ಬರು ಈಚೆಗೆ ಬಂದು ತಮ್ಮ ಮನೆಯ ಚಿಂತೆಯೊಂದನ್ನು ಮುಂದಿಟ್ಟರು. ಮಗನು ಪಿ.ಯು.ಸಿ. ವಿಜ್ಞಾನ ಮುಗಿಸಿದ್ದಾನೆ, ವ್ಯಾಪಾರೀ ಹಡಗಿನ ಅಧಿಕಾರಿಯಾಗುವ ಶಿಕ್ಷಣಕ್ಕೆ ಸೇರಬೇಕೆನ್ನುತ್ತಾನೆ. ಒಂದು ವರ್ಷ ದಡದ ಮೇಲೆ ಪಾಠ, ಅನಂತರ ಹದಿನೆಂಟು ತಿಂಗಳು ಹಡಗಿನ ಮೇಲೆಯೇ ಕಲಿಕೆ. ಮನೆಯಾಕೆ ಊಟ ಬಿಟ್ಟು ಕೂತಿದ್ದಾರೆ. ಅವರ ಪ್ರಶ್ನೆ ಸಂಬಳದ್ದಲ್ಲ, ಬಿರುಗಾಳಿಯದ್ದೂ ಅಲ್ಲ. “ಹಡಗದಾಗ ಹುಡುಗನ ಲಿಂಗಪೂಜಿ ಹ್ಯಾಂಗ್ರಿ? ಮಾಂಸದ ಅಡಗಿ ಮಾಡೋ ಭಾಂಡೇದಾಗ ಉಣಬೇಕಲ್ಲರೀ?” ಮಠದ ಅನ್ನವುಂಡು ಓದಿದವನೆಂಬ ಕಾರಣದಿಂದ ಆ ಪ್ರಶ್ನೆ ನನ್ನ ಬಳಿಗೆ ಬಂದಿತು. ಇದು ಒಂದು ಮನೆಯ ಪ್ರಶ್ನೆಯಲ್ಲ. ಇದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ನಮ್ಮ ತಾಯಂದಿರು ಬೇರೊಂದು ಸಂದರ್ಭದಲ್ಲಿ ಕೇಳಿದ್ದರು. ಆದ್ದರಿಂದ ತುಸು ವಿಸ್ತಾರವಾಗಿ ಬರೆಯುವುದು ಉಚಿತವೆಂದು ತೋರಿತು.

ಸಮುದ್ರಯಾನಕ್ಕೆ ಧರ್ಮಶಾಸ್ತ್ರದ ತಡೆಯಿತ್ತೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬೌಧಾಯನ ಧರ್ಮಸೂತ್ರವು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಸಮುದ್ರಸಂಯಾನವನ್ನು ಸೇರಿಸಿದೆ. ಮಹಾತ್ಮಾ ಗಾಂಧೀಜಿಯವರು ಬ್ಯಾರಿಸ್ಟರ್ ಪರೀಕ್ಷೆಗೆಂದು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹೊರಟಾಗ ಅವರ ಜಾತಿಯ ಪಂಚರು ಅವರನ್ನು ಬಹಿಷ್ಕರಿಸಿದ್ದಲ್ಲದೆ, ಅವರಿಗೆ ನೆರವಾದವರಿಗೆ ಅಥವಾ ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವನ್ನೂ ಸಾರಿದ್ದರು. ಆ ಪ್ರಯಾಣದಲ್ಲಿ ಹತ್ತೊಂಬತ್ತು ತುಂಬದ ಆ ಹುಡುಗನು ಊಟದ ಶಾಲೆಗೆ ಹೋಗಲು ನಾಚಿ, ಚಮಚ ಮುಳ್ಳುಗಳನ್ನು ಹಿಡಿಯಲರಿಯದೆ, ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವೂ ಸಾಲದೆ, ಮನೆಯಿಂದ ತಂದ ಸಿಹಿತಿಂಡಿ ಮತ್ತು ಹಣ್ಣುಗಳಿಂದಲೇ ಬಹುಮಟ್ಟಿಗೆ ದಿನ ಕಳೆದುದನ್ನು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅಂದಿನ ಬಹುಪಾಲು ಭಾರತೀಯ ವಿದ್ಯಾರ್ಥಿಗಳ ಹಡಗಿನ ಮೊದಲ ವಾರ ಹೀಗೆಯೇ ಇದ್ದಿರಬೇಕು.

ನಮ್ಮಲ್ಲಿ ಆ ಬಗೆಯ ಶಾಸ್ತ್ರದ ತಡೆಗೆ ಆಧಾರವಿರಲಿಲ್ಲ. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರಿಗೆ ಉಪ್ಪುನೀರಿನಿಂದ ಮೈಲಿಗೆಯಾಗುವುದೆಲ್ಲಿ ಬಂತು? ಅಂಬಿಗರ ಚೌಡಯ್ಯನವರು ಹುಟ್ಟು ಹಾಕುತ್ತಲೇ ಅನುಭಾವಿಗಳಾದವರು. ತುಂಗಭದ್ರೆಯ ದಡದ ಚೌಡದಾನಪುರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. ಶಾಸ್ತ್ರದ ತಡೆ ಇಲ್ಲದಿದ್ದರೂ ತಾಯಿಯ ಕಣ್ಣೀರಿನ ತಡೆ, ಹಣದ ತಡೆ ನಮಗಿದ್ದವು. ಇವುಗಳಲ್ಲಿ ಎರಡನೆಯದನ್ನು ನೀಗಲು ನಮ್ಮ ಹಿರಿಯರು ಪಟ್ಟ ಶ್ರಮವನ್ನು ಇಂದಿನ ಪೀಳಿಗೆ ಅರಿಯಬೇಕು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿದರು. ಬಡ ವಿದ್ಯಾರ್ಥಿಗೆ ವೇತನ ಕೊಟ್ಟು ಓದಿಸುವುದೇ ಅದರ ಉದ್ದೇಶ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1916ರಲ್ಲಿ ಬೆಳಗಾವಿಯ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದವು. ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಒಕ್ಕಲುತನದ ಮನೆಯ ಹುಡುಗನು ಧಾರವಾಡದ ಕರ್ನಾಟಕ ಕಾಲೇಜಿನವರೆಗೆ ಬಂದುದೂ, ಅಲ್ಲಿಂದ ಮುಂಬಯಿಯ ಬಂದರಿನವರೆಗೆ ಹೋದುದೂ ಈ ಮೆಟ್ಟಿಲುಗಳ ಮೇಲೆಯೇ.

ಹಾಗೆ ಹೋದವರಲ್ಲಿ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಜನಿಸಿದ ಡಿ.ಸಿ. ಪಾವಟೆಯವರ ಹೆಸರು ಮೊದಲು ನೆನಪಾಗುವುದು. 1920ರ ದಶಕದಲ್ಲಿ ಅವರು ಕೇಂಬ್ರಿಜ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ ರ‍್ಯಾಂಗ್ಲರ್ ಆದರು. ಮುಂದೆ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಅನಂತರ ಪಂಜಾಬಿನ ರಾಜ್ಯಪಾಲರಾಗಿ ಅವರು ಸಲ್ಲಿಸಿದ ಸೇವೆ ಎಲ್ಲರಿಗೂ ತಿಳಿದದ್ದೇ. ಡಾ. ಎಸ್.ಸಿ. ನಂದೀಮಠರು ಲಂಡನ್ ವಿಶ್ವವಿದ್ಯಾಲಯಕ್ಕೆ ವೀರಶೈವ ಧರ್ಮವನ್ನೇ ವಿಷಯವಾಗಿ ಒಯ್ದು ಡಾಕ್ಟರೇಟ್ ಪಡೆದು ಬಂದರು. ಅದರ ಫಲವಾದ ಅವರ ಇಂಗ್ಲಿಷ್ ಕೈಪಿಡಿಯನ್ನು 1942ರಲ್ಲಿ ಧಾರವಾಡದ ವಿದ್ಯಾಭಿವೃದ್ಧಿ ಸಂಸ್ಥೆಯೇ ಪ್ರಕಟಿಸಿತು. ತನ್ನ ಧರ್ಮವನ್ನು ಕುರಿತು ಕಲಿಯಲು ಏಳು ಸಾವಿರ ಮೈಲು ದೂರ ಹೋಗಬೇಕಾಯಿತೇ ಎಂದು ಅಂದು ಕೆಲವರು ನಕ್ಕಿರಬಹುದು. ಇಂದು ಆ ವಿಷಯವನ್ನು ಅಭ್ಯಾಸ ಮಾಡುವ ಯಾವನೂ ಆ ಗ್ರಂಥವನ್ನು ದಾಟಿ ಹೋಗಲಾರ.

ಇನ್ನು ಆ ಪ್ರಯಾಣದ ಸ್ವರೂಪ. ಹುಬ್ಬಳ್ಳಿ ಧಾರವಾಡಗಳಿಂದ ಸಣ್ಣ ಗೇಜಿನ ಗಾಡಿಯಲ್ಲಿ ಪುಣೆಯವರೆಗೆ, ಅಲ್ಲಿ ಗಾಡಿ ಬದಲಿಸಿ ಮುಂಬಯಿಗೆ. ಬ್ಯಾಲಾರ್ಡ್ ಪಿಯರಿನಲ್ಲಿ ಪಿ. ಆ್ಯಂಡ್ ಓ. ಕಂಪನಿಯ ಟಪಾಲು ಹಡಗು ಕಾದು ನಿಂತಿರುತ್ತಿತ್ತು. ಏಡನ್, ಸುಯೆಜ್ ಕಾಲುವೆ, ಪೋರ್ಟ್ ಸೈದ್ ದಾಟಿ ಮಾರ್ಸೇಲ್ಸ್ ತಲುಪಲು ಸುಮಾರು ಎರಡು ವಾರ. ಅಲ್ಲಿಂದ ರೈಲು ಹಿಡಿದರೆ ಒಂದು ದಿನದಲ್ಲಿ ಲಂಡನ್ನು, ಹಣ ಉಳಿಸುವವರು ಹಡಗಿನಲ್ಲಿಯೇ ಕುಳಿತು ಜಿಬ್ರಾಲ್ಟರ್ ಸುತ್ತಿ ಇನ್ನೊಂದು ವಾರದಲ್ಲಿ ಮುಟ್ಟುವರು. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ನಡುವೆ ಹಡಗು ಬಿಟ್ಟಿಳಿಯದೆ ಹೋಗುವವರು ಆಫ್ರಿಕೆಯ ತುದಿಯನ್ನು ಬಳಸಿಯೇ ಹೋಗಬೇಕಾಗಿತ್ತೆಂಬುದನ್ನು ನೆನೆದರೆ ಮೂರು ವಾರ ದೊಡ್ಡ ಮಾತಲ್ಲ.

ತೊಂದರೆಯೆಂದರೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುವುದು. ಆದ್ದರಿಂದ ವಿದ್ಯಾರ್ಥಿಗಳು ಹೊರಡುತ್ತಿದ್ದುದು ಆಗಸ್ಟ್ ಸೆಪ್ಟೆಂಬರಿನಲ್ಲಿ, ಅಂದರೆ ನೈರುತ್ಯ ಮಾರುತ ಅರಬ್ಬೀ ಸಮುದ್ರವನ್ನು ಕಡೆಯುತ್ತಿರುವಾಗ. ಯಾವ ಗಾಳಿಗಾಗಿ ಕಲಘಟಗಿಯ ರೈತನು ಜೂನಿನಿಂದ ಆಕಾಶ ನೋಡುತ್ತಾನೋ ಅದೇ ಗಾಳಿ ಹಡಗಿನ ಮುಖಕ್ಕೆ ಎದುರಾಗಿ ಬೀಸುವುದು. ಮುಂಬಯಿಯಿಂದ ಏಡನ್‌ವರೆಗಿನ ಐದು ದಿನ ಅನೇಕರು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕಿವಿಯೊಳಗಿನ ಸಮತೋಲದ ಅಂಗವು ಮೈ ಅಲುಗುತ್ತಿದೆಯೆಂದು ಹೇಳುತ್ತದೆ, ಕಣ್ಣು ಕೋಣೆಯ ಗೋಡೆಯನ್ನು ನೋಡಿ ಎಲ್ಲವೂ ನಿಂತಿದೆಯೆನ್ನುತ್ತದೆ. ಈ ಎರಡು ಸಾಕ್ಷಿಗಳ ಜಗಳವೇ ಕಡಲಬೇನೆ. ಆದ್ದರಿಂದಲೇ ಕೋಣೆ ಬಿಟ್ಟು ಮೇಲಟ್ಟಕ್ಕೆ ಬಂದು ದಿಗಂತವನ್ನು ನೋಡುತ್ತ ನಿಂತವನಿಗೆ ಬೇಗ ಗುಣವಾಗುತ್ತಿತ್ತು. ಏಡನ್ ಬಂದಿತೆಂದರೆ ಮೊದಲ ಕಾಗದವನ್ನು ಟಪಾಲಿಗೆ ಹಾಕುವ ಸಂಭ್ರಮ. ಆ ಕಾಗದ ಎದುರು ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಊರು ಸೇರುವಷ್ಟರಲ್ಲಿ ಮಗ ಹೊರಟು ಹದಿನೈದು ದಿನಗಳಾಗುತ್ತಿದ್ದವು. ಆ ಹದಿನೈದು ದಿನ ಮನೆಯವರು ಹೇಗೆ ಕಳೆದರೆಂಬುದನ್ನು ಯಾರೂ ಬರೆದಿಟ್ಟಿಲ್ಲ.

ಹಡಗಿನ ದಿನಚರಿ ಒಂದು ಪಾಠಶಾಲೆಯೇ ಆಗಿತ್ತು. ಬೆಳಿಗ್ಗೆ ಸ್ನಾನಕ್ಕೆ ಕಾಯಿಸಿದ ಸಮುದ್ರದ ನೀರು, ಮೈ ತೊಳೆದುಕೊಳ್ಳಲು ಒಂದು ಪಾತ್ರೆ ಸಿಹಿನೀರು. ಉಪ್ಪುನೀರಿನಲ್ಲಿ ಸಾಮಾನ್ಯ ಸಾಬೂನು ನೊರೆ ಬಿಡುವುದಿಲ್ಲವೆಂಬುದು ಹೊಸಬನಿಗೆ ಮೈಗೆ ಹಚ್ಚಿಕೊಂಡ ಮೇಲೆಯೇ ತಿಳಿಯುತ್ತಿತ್ತು. ಜೀವರಕ್ಷಕ ಕವಚ ತೊಟ್ಟು ದೋಣಿಗಳ ಬಳಿ ಸಾಲಾಗಿ ನಿಲ್ಲುವ ಕವಾಯತು. ಮಧ್ಯಾಹ್ನ ಹನ್ನೆರಡಕ್ಕೆ ಹಡಗು ಎಲ್ಲಿದೆ, ಒಂದು ದಿನದಲ್ಲಿ ಎಷ್ಟು ಮೈಲು ಬಂದಿದೆಯೆಂಬುದನ್ನು ನಕಾಶೆಯ ಮೇಲೆ ಗುರುತಿಸಿ ಹಚ್ಚುತ್ತಿದ್ದರು. ಆ ಮೈಲುಗಳ ಮೇಲೆ ಬಿಳಿಯ ಪ್ರಯಾಣಿಕರು ಪಣ ಕಟ್ಟುವರು. ರಾತ್ರಿಯ ಊಟಕ್ಕೆ ಬೇರೆಯೇ ಉಡುಪು. ಯಾವ ಚಮಚ ಮೊದಲು, ಯಾವುದು ಅನಂತರ ಎಂಬ ಚಿಂತೆಯಲ್ಲಿ ಹಸಿವೆಯೇ ಇಂಗುತ್ತಿತ್ತು. ಪೋರ್ಟ್ ಸೈದಿನಲ್ಲಿ ಕೋಳಿಮರಿಗಳನ್ನು ತೋಳಿನಿಂದ ತೆಗೆದು ತೋರಿಸುವ ಜಾದೂಗಾರರು ಹಡಗನ್ನೇರಿ ಬರುತ್ತಿದ್ದರು. ಕಾಲುವೆಯ ಬಾಯಿಯಲ್ಲಿ ಅದನ್ನು ತೋಡಿಸಿದ ಲೆಸೆಪ್ಸನ ಎತ್ತರದ ಪ್ರತಿಮೆ ನಿಂತಿತ್ತು. 1956ರಲ್ಲಿ ಅದನ್ನು ಈಜಿಪ್ಟಿನವರು ಉರುಳಿಸಿದರು.

ಈ ಎಲ್ಲದಕ್ಕಿಂತ ದೊಡ್ಡ ಪಾಠವೊಂದು ಹಡಗಿನ ಹೊಟ್ಟೆಯಲ್ಲಿತ್ತು. ಮೇಲೆ ಎರಡನೆಯ ದರ್ಜೆಯಲ್ಲಿ ಭಾರತೀಯ ವಿದ್ಯಾರ್ಥಿ ಪುಸ್ತಕ ಹಿಡಿದು ಕುಳಿತಿದ್ದರೆ, ಕೆಳಗೆ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದವರೂ ಭಾರತೀಯರೇ. ಇವರಿಗೆ ಲಸ್ಕರ್ ಎಂಬ ಹೆಸರು. ಈ ಕಂಪನಿಯ ಹಡಗುಗಳಲ್ಲಿ ಅಟ್ಟದ ಕೆಲಸಕ್ಕೆ ರತ್ನಾಗಿರಿ, ಗುಜರಾತಿನ ಕಡೆಯವರು, ಇಂಜಿನಿಗೆ ಪಂಜಾಬಿನ ಕಡೆಯವರು, ಊಟದ ಶಾಲೆಗೆ ಗೋವೆಯವರು ಎಂಬ ವಿಭಾಗವಿತ್ತು. ಕೆಂಪು ಸಮುದ್ರದ ಬೇಸಿಗೆಯಲ್ಲಿ ಕುಲುಮೆಯ ಮುಂದೆ ನಿಲ್ಲುವುದೆಂದರೇನು ಎಂಬುದನ್ನು ಊಹಿಸಿಕೊಳ್ಳಿರಿ. ಕಾಯಕದ ಮಾತನ್ನು ಬಾಯಿತುಂಬ ಆಡುವ ನಮ್ಮ ಹುಡುಗನು ಒಂದು ದಿನವಾದರೂ ಆ ಏಣಿಯನ್ನಿಳಿದು ಹೋಗಿ ನೋಡಿದ್ದರೆ, ಅವನು ಮುಂದೆ ಕೇಂಬ್ರಿಜ್ಜಿನಲ್ಲಿ ಓದಿದ್ದಕ್ಕಿಂತ ಕಡಿಮೆಯದೇನೂ ಅದರಿಂದ ದೊರೆಯುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ.

ಕನ್ನಡ ಸಾಹಿತ್ಯಕ್ಕೂ ಈ ಹಡಗುಗಳ ಋಣವಿದೆ. ಸವಣೂರಿನಲ್ಲಿ ಹುಟ್ಟಿ ಧಾರವಾಡದಲ್ಲಿ ಬೆಳೆದ ವಿನಾಯಕ ಕೃಷ್ಣ ಗೋಕಾಕರನ್ನು ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯು 1936ರಲ್ಲಿ ಆಕ್ಸ್‌ಫರ್ಡಿಗೆ ಕಳುಹಿಸಿತು. ಬಯಲುಸೀಮೆಯ ಕವಿ ನಡುಗಡಲನ್ನು ಕಂಡುದರ ಫಲ 1940ರಲ್ಲಿ ಬಂದ ‘ಸಮುದ್ರ ಗೀತೆಗಳು’. ಕಡಲಿನ ಏರಿಳಿತಕ್ಕೆ ಹಳೆಯ ಛಂದಸ್ಸಿನ ಅಳತೆ ಸಾಲದಾಗಿ ಅವರು ಮುಕ್ತಛಂದವನ್ನು ಕೈಗೊಂಡರೆಂಬುದನ್ನು ವಿಮರ್ಶಕರು ಗುರುತಿಸಿದ್ದಾರೆ. ‘ಸಮುದ್ರದಾಚೆಯಿಂದ’ ಎಂಬ ಅವರ ಪ್ರವಾಸ ಬರಹವೂ ಆ ಅವಧಿಯದೇ. ಇನ್ನೊಬ್ಬರು ಎ.ಕೆ. ರಾಮಾನುಜನ್. ಬೆಳಗಾವಿಯಲ್ಲಿ ನಮ್ಮದೇ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು 1959ರ ಜುಲೈಯಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿ ವೇತನ ಪಡೆದು ಮುಂಬಯಿಯಿಂದ ಹಡಗಿನಲ್ಲಿಯೇ ಅಮೆರಿಕೆಗೆ ಹೊರಟರು. ಆ ಯಾನದಲ್ಲಿ ಅವರು ಬರೆದಿಟ್ಟ ದಿನಚರಿ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ 2019ರಲ್ಲಿ ಅಚ್ಚಾಯಿತು. 1973ರಲ್ಲಿ ಅವರ ವಚನಾನುವಾದದ ಪುಸ್ತಕ ‘ಸ್ಪೀಕಿಂಗ್ ಆಫ್ ಶಿವ’ ಪ್ರಕಟವಾದ ಮೇಲೆ ಬಸವಣ್ಣ, ಅಲ್ಲಮ, ಅಕ್ಕನವರ ಹೆಸರು ಜಗತ್ತಿನ ಮೂಲೆ ಮೂಲೆಯ ವಿಶ್ವವಿದ್ಯಾಲಯಗಳಿಗೆ ಮುಟ್ಟಿತು. ಆ ಹಡಗಿನ ಸಾಮಾನಿನಲ್ಲಿ ವಚನಗಳೂ ಇದ್ದವೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

1948ರಲ್ಲಿ ಏರ್ ಇಂಡಿಯಾದ ಮೊದಲ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹಾರಿತು. 1967ರ ಯುದ್ಧದಲ್ಲಿ ಮುಚ್ಚಿದ ಸುಯೆಜ್ ಕಾಲುವೆ 1975ರವರೆಗೆ ತೆರೆಯಲಿಲ್ಲ. ಅಷ್ಟರಲ್ಲಿ ಪ್ರಯಾಣದ ಹಡಗುಗಳ ಕಾಲ ಮುಗಿದಿತ್ತು. ಈಗ ನಮ್ಮ ಹುಡುಗ ಹುಡುಗಿಯರು ಸಂಜೆ ಹುಬ್ಬಳ್ಳಿಯಲ್ಲಿ ಉಂಡು ಮರುದಿನ ಲಂಡನ್ನಿನಲ್ಲಿ ಇಳಿಯುತ್ತಾರೆ. ಸುಖವೇನೋ ಸರಿ. ಆದರೆ ಹಡಗು ಪಶ್ಚಿಮಕ್ಕೆ ಸಾಗಿದಂತೆ ದಿನಕ್ಕೆ ಇಪ್ಪತ್ತು ಮೂವತ್ತು ನಿಮಿಷದಂತೆ ಗಡಿಯಾರವನ್ನು ಹಿಂದೆ ಸರಿಸುತ್ತಿದ್ದರು. ನಮಗೂ ಗ್ರೀನಿಚ್ಚಿಗೂ ಇರುವ ಐದೂವರೆ ಗಂಟೆಯ ಅಂತರವು ಮೈಗೆ ತಿಳಿಯದಂತೆ ಕರಗುತ್ತಿತ್ತು. ಮನಸ್ಸಿಗೂ ಹಾಗೆಯೇ. ಊರನ್ನು ಬಿಡುವುದಕ್ಕೂ ಪರವೂರನ್ನು ಹೊಗುವುದಕ್ಕೂ ನಡುವೆ ಇಪ್ಪತ್ತು ದಿನಗಳ ಒಂದು ಬಯಲು ಇರುತ್ತಿತ್ತು. ವಿದೇಶಕ್ಕೆ ಹೋದ ಮಕ್ಕಳು ಮೊದಲ ತಿಂಗಳು ಫೋನಿನಲ್ಲಿ ಅಳುತ್ತಾರೆಂದು ಹೇಳುವ ತಂದೆತಾಯಿಗಳು ಈ ಸಂಗತಿಯನ್ನು ಗಮನಿಸಬೇಕು. ಮೈ ಹನ್ನೆರಡು ತಾಸಿನಲ್ಲಿ ಮುಟ್ಟಿದರೂ ಮನಸ್ಸು ಇನ್ನೂ ಹಡಗಿನಲ್ಲಿಯೇ ಬರುತ್ತಿರುತ್ತದೆ.

ಪಾಶ್ಚಾತ್ಯರು ಮಾತ್ರ ಹಡಗನ್ನೇ ವಿದ್ಯಾಲಯವನ್ನಾಗಿ ಮಾಡುವ ಪ್ರಯೋಗವನ್ನು ಬಿಡಲಿಲ್ಲ. 1926ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊ. ಜೇಮ್ಸ್ ಲಾಫ್ ಎಂಬವರ ಯೋಜನೆಯಂತೆ ಸುಮಾರು ಐದುನೂರು ವಿದ್ಯಾರ್ಥಿಗಳು ರಿಂಡಾಮ್ ಎಂಬ ಹಡಗಿನಲ್ಲಿ ಓದುತ್ತಲೇ ಭೂಪ್ರದಕ್ಷಿಣೆ ಮಾಡಿದರು. 1963ರಲ್ಲಿ ಆರಂಭವಾದ ಇನ್ನೊಂದು ಯೋಜನೆ ‘ಸೆಮಿಸ್ಟರ್ ಅಟ್ ಸೀ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಸುಮಾರು ನೂರು ದಿನ, ಸಮುದ್ರದಲ್ಲಿರುವಾಗ ತರಗತಿಗಳು, ಬಂದರು ಬಂದಾಗ ನಾಡು ನೋಡುವುದು. ಆ ಹಡಗುಗಳು ಚೆನ್ನೈಗೂ ಕೊಚ್ಚಿಗೂ ಬಂದು ಹೋಗಿವೆ. ಅದರ ಶುಲ್ಕ ನಮ್ಮ ಮಧ್ಯಮ ವರ್ಗದವರ ಕೈಗೆ ನಿಲುಕುವಂಥದ್ದಲ್ಲವಾದ್ದರಿಂದ ಹೆಚ್ಚಿಗೆ ಹೇಳುವುದು ಬೇಡ. ನಮ್ಮ ದೇಶದ್ದೇ ಆದ ಪರಂಪರೆಯೂ ಇದೆ. 1927ರಲ್ಲಿ ಮುಂಬಯಿ ಬಂದರಿನಲ್ಲಿ ಲಂಗರು ಹಾಕಿ ನಿಂತ ಡಫ್ರಿನ್ ಎಂಬ ಹಡಗಿನಲ್ಲಿ ಭಾರತೀಯ ಹುಡುಗರಿಗೆ ನಾವಿಕ ವಿದ್ಯೆ ಕಲಿಸಲು ಆರಂಭಿಸಿದರು. ವಿದ್ಯಾರ್ಥಿಗಳು ಉಣ್ಣುವುದು, ಓದುವುದು, ಮಲಗುವುದು ಎಲ್ಲ ಅದರ ಮೇಲೆಯೇ. 1972ರಲ್ಲಿ ರಾಜೇಂದ್ರ ಎಂಬ ಹಡಗು ಆ ಸ್ಥಾನಕ್ಕೆ ಬಂದಿತು. ಆ ಮೇಲೆ ಚಾಣಕ್ಯ ಎಂಬ ಹೆಸರಿನಿಂದ ಶಾಲೆ ದಡವನ್ನೇರಿತು. 2008ರಲ್ಲಿ ಚೆನ್ನೈಯಲ್ಲಿ ಭಾರತೀಯ ಸಾಗರ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ಇದು ಅದರ ಅಂಗವಾಯಿತು.

ಲಿಂಗಪೂಜೆಯ ಪ್ರಶ್ನೆ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಹಡಗಿನಲ್ಲಿ ಪೂಜೆಗೆ ಅಡ್ಡಿಯಾಗುವವರು ಸ್ಥಾವರ ದೇವರನ್ನು ಪೂಜಿಸುವವರು. ಗುಡಿಯನ್ನು ಹಡಗಿಗೆ ಏರಿಸಲು ಬಾರದು. ನಮ್ಮ ದೇವರಾದರೋ ಅಂಗದ ಮೇಲೆಯೇ ಇರುವವನು. ಇಷ್ಟಲಿಂಗಕ್ಕೆ ದಿಕ್ಕಿನ ನಿಯಮವಿಲ್ಲ, ಕ್ಷೇತ್ರದ ನಿಯಮವಿಲ್ಲ, ಮುಹೂರ್ತದ ಬಂಧನವಿಲ್ಲ. ಬಸವಾದಿ ಪ್ರಮಥರು ಕೊಟ್ಟ ಈ ಸ್ವಾತಂತ್ರ್ಯದ ಬೆಲೆ ನೆಲದ ಮೇಲಿರುವ ನಮಗೆ ಅಷ್ಟಾಗಿ ತಿಳಿಯದು. ಪೂರ್ವ ಯಾವುದು, ಬೆಳಗು ಯಾವಾಗ ಎಂಬುದೇ ದಿನದಿನಕ್ಕೆ ಬದಲಾಗುವ ಹಡಗಿನಲ್ಲಿ ತಿಳಿಯುತ್ತದೆ. ಎಡಗೈಯ ಮೇಲಿನ ಲಿಂಗವು ಹಡಗು ಹೊಯ್ದಾಡಿದರೂ ಬೀಳುವುದಿಲ್ಲ. ಲಿಂಗವೂ ಕೈಯೂ ಕಣ್ಣೂ ಒಂದೇ ಲಯದಲ್ಲಿ ತೂಗುತ್ತವೆ. ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವುದಷ್ಟೇ ಸಾಧಕನ ಕೆಲಸ.

ಕೆಲವು ಪ್ರಾಯೋಗಿಕ ಮಾತುಗಳು. ಮಜ್ಜನಕ್ಕೆ ಒಂದು ಉದ್ಧರಣೆ ಸಿಹಿನೀರು ಸಾಕು, ಅಷ್ಟು ಯಾವ ಹಡಗಿನಲ್ಲಿಯೂ ದೊರೆಯುತ್ತದೆ. ಇಂದಿನ ಹಡಗುಗಳು ಸಮುದ್ರದ ನೀರನ್ನೇ ಭಟ್ಟಿಯಿಳಿಸಿ ಸಿಹಿನೀರು ಮಾಡಿಕೊಳ್ಳುತ್ತವೆ. ದೀಪ, ಧೂಪ, ಕರ್ಪೂರಗಳನ್ನು ಮಾತ್ರ ಕೋಣೆಯಲ್ಲಿ ಹಚ್ಚಲೇಬಾರದು. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಶತ್ರುವಿಲ್ಲ. ಎಣ್ಣೆಯ ಹಡಗಿನಲ್ಲಂತೂ ಒಂದು ಕಡ್ಡಿ ಗೀರಿದವನು ಇಪ್ಪತ್ತು ಮಂದಿಯ ಪ್ರಾಣಕ್ಕೆ ಹೊಣೆಯಾಗುತ್ತಾನೆ. ಆರತಿಯಿಲ್ಲದ ಪೂಜೆ ಊನವಲ್ಲ. ವಿಭೂತಿ, ಪತ್ರೆ ಇದ್ದರೆ ಸರಿ, ಪತ್ರೆ ಇಲ್ಲದಿದ್ದರೂ ಸರಿ.

ಇನ್ನು ಧಾರಣೆ. ಕೊರಳಿನಿಂದ ಜೋತಾಡುವ ಬೆಳ್ಳಿಯ ಕರಡಿಗೆ, ಉದ್ದನೆಯ ಶಿವದಾರ ತಿರುಗುವ ಯಂತ್ರಗಳ ನಡುವೆ ಅಪಾಯಕಾರಿ. ಇದಕ್ಕಾಗಿ ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರಿದ್ದಾರೆ. ಅದು ನನಗೆ ಸಮ್ಮತವಿಲ್ಲ. ಕೊರಳಲ್ಲದೆ ಕಕ್ಷೆಯೇ ಮೊದಲಾದ ಸ್ಥಾನಗಳನ್ನು ನಮ್ಮ ಆಚಾರಗ್ರಂಥಗಳು ಹೇಳಿಯೇ ಇವೆ, ನಾಭಿಯಿಂದ ಕೆಳಗೆ ಮಾತ್ರ ಕೂಡದು. ಬಟ್ಟೆಯ ಸೆಜ್ಜೆಯಲ್ಲಿ ಲಿಂಗವನ್ನಿಟ್ಟು ಕಂಕುಳ ಕೆಳಗೆ ಮೈಗೆ ಬಿಗಿಯಾಗಿ ಕಟ್ಟಿ, ಮೇಲೆ ಕೆಲಸದ ಅಂಗಿ ತೊಟ್ಟರೆ ಧರ್ಮವೂ ಉಳಿಯಿತು, ಸುರಕ್ಷತೆಯೂ ಉಳಿಯಿತು. ಸಮಯದ ಮಾತೆಂದರೆ, ಹಡಗಿನಲ್ಲಿ ನಾಲ್ಕು ತಾಸು ಪಹರೆ, ಎಂಟು ತಾಸು ಬಿಡುವು ಎಂಬ ಕ್ರಮವಿದೆ. ನಡುರಾತ್ರಿ ಹನ್ನೆರಡರಿಂದ ನಾಲ್ಕರ ಪಹರೆಯವನಿಗೆ ಉಷಃಕಾಲದ ಪೂಜೆ ಸಹಜವಾಗಿಯೇ ಒದಗುತ್ತದೆ. ನಾಲ್ಕರಿಂದ ಎಂಟರವನು ಪಹರೆ ಮುಗಿಸಿ ಸ್ನಾನ ಮಾಡಿ ಕೂಡಲಿ. ಅವನ ಬೆಳಗು ಆಗ ಆರಂಭವಾಯಿತೆಂದು ತಿಳಿದರಾಯಿತು.

ಊಟದ ವಿಷಯದಲ್ಲಿ ಹಿಂದಿನವರಿಗಿಲ್ಲದ ಒಂದು ಅನುಕೂಲ ಇಂದಿನವರಿಗಿದೆ. 2006ರಲ್ಲಿ ರೂಪಿತವಾಗಿ 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಾಗರ ಕಾರ್ಮಿಕ ಒಡಂಬಡಿಕೆಯನ್ನು ಭಾರತವು 2015ರಲ್ಲಿ ಒಪ್ಪಿಕೊಂಡಿದೆ. ಅದರ ಪ್ರಕಾರ ಹಡಗಿನಲ್ಲಿ ಕೆಲಸ ಮಾಡುವವರಿಗೆ ಊಟವನ್ನು ಬೆಲೆಯಿಲ್ಲದೆ ಕೊಡಬೇಕು, ಮತ್ತು ಅವರ ಧಾರ್ಮಿಕ ಅಗತ್ಯಗಳನ್ನೂ ಸಾಂಸ್ಕೃತಿಕ ರೂಢಿಗಳನ್ನೂ ಗಮನದಲ್ಲಿಟ್ಟು ಆಹಾರವನ್ನು ಒದಗಿಸಬೇಕು. ದಿನಕ್ಕೆ ಹತ್ತು ತಾಸು, ವಾರಕ್ಕೆ ಎಪ್ಪತ್ತೇಳು ತಾಸು ಕನಿಷ್ಠ ವಿಶ್ರಾಂತಿಯೂ ಅದರಲ್ಲಿ ಸೇರಿದೆ. ಗಾಂಧೀಜಿ ಕೇಳಲು ನಾಚಿದ್ದನ್ನು ಇಂದಿನ ಹುಡುಗ ಹಕ್ಕಿನಿಂದ ಕೇಳಬಹುದು. ಮೊದಲ ದಿನವೇ ಅಡುಗೆಯವನ ಬಳಿಗೆ ಹೋಗಿ ತಾನು ಶಾಕಾಹಾರಿಯೆಂದು ನಗುಮುಖದಿಂದ ತಿಳಿಸಲಿ. ಪಾತ್ರೆಯ ಮಾತಿಗೆ ನನ್ನ ಉತ್ತರವಿಷ್ಟೇ: ಮಾಂಸ ಮದ್ಯಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಬೇಕು, ತೊಳೆದ ಪಾತ್ರೆಯ ಪೂರ್ವಾಶ್ರಮವನ್ನು ವಿಚಾರಿಸಬಾರದು. ಭವಿಪಾಕದ ನಿಷೇಧವನ್ನು ಹೇಳಿದ ಹಿರಿಯರು ಲಿಂಗಾರ್ಪಿತವಾದದ್ದು ಪ್ರಸಾದವೆಂಬುದನ್ನೂ ಹೇಳಿದ್ದಾರೆ. ಇದರಲ್ಲಿ ನನ್ನೊಡನೆ ಒಪ್ಪದ ಶಾಸ್ತ್ರಿಗಳಿರಬ��ುದು. ಅವರು ಒಮ್ಮೆ ಏಡನ್‌ವರೆಗೆ ಹೋಗಿ ಬಂದು ಮಾತನಾಡಲಿ.

ತಂದೆತಾಯಿಗಳು ನಿಜವಾಗಿ ಅಂಜಬೇಕಾದದ್ದು

ಪೂಜೆಗಿಂತ ಹೆಚ್ಚಿನ ಚಿಂತೆ ಬೇರೆಯಿದೆ, ಅದನ್ನು ಕೇಳುವವರೇ ಕಡಿಮೆ. ಹಡಗಿನ ನೌಕರಿ ಕೊಡಿಸುತ್ತೇವೆಂದು ಹೇಳಿ ಹಳ್ಳಿಯ ಹುಡುಗರಿಂದ ಲಕ್ಷಗಟ್ಟಲೆ ಹಣ ಕೀಳುವ ದಲ್ಲಾಳಿಗಳು ಎಲ್ಲೆಡೆ ಇದ್ದಾರೆ. ಮೇಲೆ ಹೇಳಿದ ಒಡಂಬಡಿಕೆಯ ಪ್ರಕಾರ ಹಡಗಿನ ಕೆಲಸಕ್ಕೆ ಸೇರಿಸಲು ನಾವಿಕನಿಂದ ಶುಲ್ಕ ತೆಗೆದುಕೊಳ್ಳುವುದೇ ನಿಷಿದ್ಧ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟು, ನಾವಿಕನ ಪುಸ್ತಕ ಇವುಗಳ ಖರ್ಚು ಮಾತ್ರ ಅವನದು. ಭಾರತದಲ್ಲಿ ನೇಮಕ ಮಾಡಿಸುವ ಸಂಸ್ಥೆಗೆ ಕೇಂದ್ರ ಸರಕಾರದ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಇರಲೇಬೇಕು. ಕಾಲೇಜಿಗೂ ಅದರ ಮಾನ್ಯತೆ ಬೇಕು. ಹೊಲ ಮಾರುವ ಮೊದಲು ಈ ಎರಡು ಕಾಗದಗಳನ್ನು ಕಣ್ಣಾರೆ ನೋಡಿರಿ, ಓದಲು ಬಾರದಿದ್ದರೆ ಊರಿನ ಮಾಸ್ತರರಿಗೆ ತೋರಿಸಿರಿ. ಅದಕ್ಕೂ ಮೊದಲು ಕಣ್ಣಿನ ಪರೀಕ್ಷೆಯಾಗಲಿ. ಹಸಿರು ಕೆಂಪು ದೀಪಗಳನ್ನು ಬೇರ್ಪಡಿಸಿ ಕಾಣಲಾರದ ಹುಡುಗನಿಗೆ ಹಡಗಿನ ಪಹರೆ ಸಿಗುವುದಿಲ್ಲ. ಕೆಲವರಿಗೆ ಈ ದೋಷವಿರುವುದು ಶುಲ್ಕ ಕಟ್ಟಿದ ಮೇಲೆಯೇ ಗೊತ್ತಾಗುತ್ತದೆ.

ಕಷ್ಟವಿಲ್ಲವೆಂದು ಹೇಳಲಾರೆ. 2020ರಲ್ಲಿ ಕೊರೋನಾ ಹಾವಳಿಯಿಂದ ಬಂದರುಗಳು ಮುಚ್ಚಿದಾಗ ಜಗತ್ತಿನ ಲಕ್ಷಾಂತರ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ತಿಂಗಳುಗಟ್ಟಲೆ ಹಡಗಿನಲ್ಲಿಯೇ ಉಳಿದರು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿಗಳಾದಾಗ ಅನೇಕ ಹಡಗುಗಳು ಸುಯೆಜ್ ದಾರಿಯನ್ನು ಬಿಟ್ಟು, ನಮ್ಮ ಮುತ್ತಜ್ಜನ ಕಾಲದಂತೆ ಆಫ್ರಿಕೆಯನ್ನು ಸುತ್ತಿ ಸಾಗಿದವು. ಹೆಣ್ಣುಮಕ್ಕಳಿಗೆ ಇದು ತಕ್ಕದ್ದೇ ಎಂದು ಕೇಳುವವರಿಗೆ, 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು 2018ರ ಮೇ ತಿಂಗಳಲ್ಲಿ ಮರಳಿದ ನಮ್ಮ ನೌಕಾದಳದ ಆರು ಮಹಿಳೆಯರು ತಾರಿಣಿ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದುದನ್ನು ನೆನಪಿಸಿದರೆ ಸಾಕು.

ಕಲಘಟಗಿಯೆಂದರೆ ತೊಟ್ಟಿಲಿಗೆ ಹೆಸರಾದ ಊರು. ಅರಗಿನ ಬಣ್ಣದ ಆ ತೊಟ್ಟಿಲಿನಲ್ಲಿ ಮಗುವನ್ನು ತೂಗಿದ ತಾಯಿಗೆ, ಅದೇ ಮಗು ನಡುಗಡಲಿನಲ್ಲಿ ತೂಗಾಡುವುದನ್ನು ನೆನೆದರೆ ಎದೆ ನಡುಗುವುದು ಸಹಜ. ಅವರಿಗೆ ನಾನು ಹೇಳಿದ್ದು ಕಟ್ಟುವ ಬುತ್ತಿಯ ವಿಚಾರವನ್ನು. ಮುನ್ನೂರು ವರ್ಷ ಯುರೋಪಿನ ನಾವಿಕರು ನೀರಿನಂಶವಿಲ್ಲದ ಗಟ್ಟಿ ಬಿಸ್ಕತ್ತನ್ನು ತಿಂದೇ ಸಮುದ್ರಗಳನ್ನು ದಾಟಿದರು. ನಮ್ಮ ಕಟಕ ರೊಟ್ಟಿ ಅದರ ಅಕ್ಕ, ರುಚಿಯಲ್ಲಿ ಎಷ್ಟೋ ಮೇಲು. ತೆಳ್ಳಗೆ ತಟ್ಟಿ, ಚೆನ್ನಾಗಿ ಒಣಗಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿರಿ. ಬಟ್ಟೆಯಲ್ಲಿ ಕಟ್ಟಿದರೆ ಕಡಲಿನ ತೇವಕ್ಕೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳನ್ನು ಎಣ್ಣೆ ಹಾಕದೆ ಒಣದಾಗಿಯೇ ಕುಟ್ಟಿ ಬೇರೆ ಬೇರೆ ಡಬ್ಬಿಗಳಲ್ಲಿಡಿರಿ. ಯಾವ ದೇಶದ ಬಂದರಿನಲ್ಲಿ ಏನನ್ನು ಇಳಿಸಬಾರದೆಂಬುದನ್ನು ಹುಡುಗನು ಕೇಳಿಕೊಳ್ಳಲಿ. ಬೆಳ್ಳುಳ್ಳಿಯನ್ನು ಮಾತ್ರ ಸ್ವಲ್ಪ ಕಡಿಮೆ ಹಾಕಿರಿ, ಹಡಗಿನ ಕೋಣೆ ಚಿಕ್ಕದು.